ಚಿತ್ರದಲ್ಲಿ ಇಲ್ಲದವನ ಪುಟ

ನಿಮ್ಮ ಅಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದ್ದ ಕಾಲದ ಮಾತು. ಏಳು ಹೊಳೆಗಳ ಆಚೆ ಮಿನುಗುಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿ ಬಿಂಬದ ಮರ ಬೆಳೆಯುತ್ತಿತ್ತು. ಅದರ ಎಲೆಯನ್ನು ಯಾರ ಎದುರಿಗಾದರೂ ಹಿಡಿದು "ನಿಲ್ಲು" ಅಂದರೆ ಸಾಕು, ಅವರ ಚಿತ್ರ ಎಲೆಯ ಮೇಲೆ ಹಾಗೇ ನಿಂತುಬಿಡುತ್ತಿತ್ತು.

ಮಿನುಗುಪುರದವರಿಗೆ ತಿರುಗಾಟದ ಹುಚ್ಚು. ಎಲ್ಲಿಗಾದರೂ ಹೋಗಿ ಬಂದರೆ ಮನೆಮಂದಿಯೆಲ್ಲ ಜಗಲಿಯಲ್ಲಿ ಕೂತು ಚಿತ್ರಗಳನ್ನು ಕತ್ತರಿಸಿ, ಗಂಜಿಯ ಅಂಟು ಹಚ್ಚಿ, ದಪ್ಪ ಹಾಳೆಗೆ ಅಂಟಿಸುತ್ತಿದ್ದರು. ಪಕ್ಕದಲ್ಲಿ ದಾರಿಯಲ್ಲಿ ಸಿಕ್ಕ ಗರಿ, ಒಣಗಿದ ಹೂವು, ಹರಿದ ಸೀರೆಯ ಅಂಚು. ಕೆಳಗೆ ಎರಡು ಸಾಲು ಬರಹ. ಈ ಕೆಲಸದಲ್ಲಿ ಕೇದಗೆ ಎಂಬ ಹುಡುಗಿಯದು ಎತ್ತಿದ ಕೈ. ಅಪ್ಪ ಅಮ್ಮ ಇಲ್ಲದ ಅವಳನ್ನು ದೋಣಿ ನಡೆಸುವ ಅಣ್ಣ ಭರಮಣ್ಣನೇ ಸಾಕಿ ದೊಡ್ಡವಳನ್ನಾಗಿ ಮಾಡಿದ್ದ.

ಒಂದು ಬೆಳಿಗ್ಗೆ ಕೇದಗೆ ಹೊಳೆಯಲ್ಲಿ ಮುಳುಗು ಹಾಕಿದ್ದಳು. ಅದೇ ಹೊತ್ತಿಗೆ ಕರಿಬೆಟ್ಟದ ಮಾಂತ್ರಿಕ ಮಸಿಕೇತು ಊರಿನ ಮೇಲೆ ಕಪ್ಪು ಗಾಳಿ ಊದಿದ. ಪುಟಗಳಲ್ಲಿದ್ದ ಚಿತ್ರಗಳೆಲ್ಲ ಪಟಪಟನೆ ಕಿತ್ತುಕೊಂಡು ಹಾರಿಹೋದವು. ಚಿತ್ರ ಹೋದಂತೆ ನೆನಪೂ ಹೋಯಿತು. ರಾಜ ಪಕ್ಕದಲ್ಲಿದ್ದ ರಾಣಿಯನ್ನು ನೋಡಿ "ಯಾರೀ ಹೆಂಗಸು? ಸಿಂಹಾಸನದ ಮೇಲೆ ಯಾಕೆ ಕೂತಿದ್ದಾಳೆ?" ಅಂದ. ರಾಣಿ ಸುಮ್ಮನಿರುತ್ತಾಳೆಯೇ? "ನೀನ್ಯಾರಯ್ಯ ಕೇಳೋಕೆ?" ಅಂದಳು.

ನೀರಿನೊಳಗಿದ್ದ ಕೇದಗೆಗೆ ಮಾತ್ರ ಗಾಳಿ ತಾಗಲಿಲ್ಲ. ಅವಳು ದಡಕ್ಕೆ ಬಂದರೆ ಅಣ್ಣ ಅವಳನ್ನು ಹೊಸಬರನ್ನು ನೋಡುವಂತೆ ನೋಡಿದ.

"ಹೊಳೆ ದಾಟಬೇಕೇನಮ್ಮ?"

"ಅಣ್ಣ, ನಾನು ಕಣೋ! ಕೇದಗೆ!"

"ಒಳ್ಳೆ ಹೆಸರು. ಹುಷಾರಾಗಿ ಕೂತ್ಕೊಳ್ಳಿ ತಾಯಿ, ದೋಣಿ ಅಲ್ಲಾಡುತ್ತೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬಹುವಚನ ಕೊಟ್ಟನಲ್ಲ, ಅದಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಆಚೆ ದಡದಲ್ಲಿ ಇಳಿದವಳು ಮನಸ್ಸಿನಲ್ಲೇ ಅಂದುಕೊಂಡಳು: ಅಣ್ಣನ ನೆನಪು ತರದೆ ಈ ದೋಣಿ ಮತ್ತೆ ಹತ್ತೋದಿಲ್ಲ. ಎಲ್ಲಿ ಹೋದರೂ ಜೊತೆಗಿರುವ ಸಾಮಾನು ಇದ್ದೇ ಇತ್ತು: ಸೊಂಟಕ್ಕೆ ಕತ್ತರಿ, ಕೈಯಲ್ಲಿ ಅಂಟಿನ ಕುಡಿಕೆ, ಕಂಕುಳಲ್ಲಿ ಹಾಳೆ. ಚಿತ್ರಗಳು ಹಾರುತ್ತಿದ್ದ ದಿಕ್ಕಿಗೇ, ಕರಿಬೆಟ್ಟದ ದಾರಿ ಹಿಡಿದೇಬಿಟ್ಟಳು.

ಬೆಟ್ಟದ ಬುಡದಲ್ಲಿ ಮಾತಾಡುವ ಹುಲಿ ಅಡ್ಡ ಬಂತು. "ನನ್ನದೊಂದು ಪುಟ ಮಾಡಿಕೊಡು. ಚೆನ್ನಾಗಿದ್ದರೆ ನಿನಗೆ ದಾರಿ. ಇಲ್ಲದಿದ್ದರೆ ನನಗೆ ಊಟ."

ಹುಲಿಯ ಹತ್ತಿರ ಚಿತ್ರಗಳ ರಾಶಿಯೇ ಇತ್ತು. ಎಲ್ಲವೂ ಅದರದ್ದೇ. ಹುಲಿ ನಿಂತಿದ್ದು, ಹುಲಿ ಕೂತಿದ್ದು, ಹುಲಿ ಮೀಸೆ ತಿರುವಿದ್ದು. ಜಂಭವೋ ಜಂಭ! "ಒಂದನ್ನೂ ಬಿಡಬಾರದು" ಅಂತ ಅಪ್ಪಣೆ ಬೇರೆ.

"ಎಲ್ಲಾ ಹಾಕಿದರೆ ಒಂದೂ ಕಾಣೋದಿಲ್ಲ, ಹುಲಿರಾಯ" ಅಂದಳು ಕೇದಗೆ. ರಾಶಿಯ ತಳದಲ್ಲಿ ಹುಲಿ ಬಚ್ಚಿಟ್ಟಿದ್ದ ಒಂದು ಚಿತ್ರ ಸಿಕ್ಕಿತು. ಅದರಲ್ಲಿ ಹುಲಿಯ ಬೆನ್ನ ಮೇಲೆ ಒಂದು ಮೊಲದ ಮರಿ ನಿದ್ದೆ ಹೋಗಿತ್ತು. ಅದೊಂದನ್ನೇ ಹಾಳೆಯ ನಡುವೆ ಅಂಟಿಸಿ, ಸುತ್ತ ಹಸಿರು ಹುಲ್ಲು ಮೆತ್ತಿದಳು.

ಹುಲಿ ಪುಟವನ್ನು ಹತ್ತಿರ ಎಳೆದುಕೊಂಡಿತು. "ಚಳಿಗಾಲದಲ್ಲಿ ಜೊತೆಗಿದ್ದದ್ದು ಅದೊಂದೇ. ಯಾರಿಗೂ ಹೇಳಬೇಡ" ಅಂತ ಮೂಗೊರೆಸಿಕೊಂಡು ದಾರಿ ಬಿಟ್ಟಿತು.

ಬೆಟ್ಟದ ನಡುವೆ ತಾಳೆಮರದಷ್ಟು ಎತ್ತರದ ಕೊಕ್ಕರೆ ಸಿಕ್ಕಿತು. ಅದೂ ಹಾಗೇ ಅಂದಿತು. "ನನ್ನದೊಂದು ಪುಟ ಮಾಡಿಕೊಡು. ಚೆನ್ನಾಗಿದ್ದರೆ ನಿನಗೆ ದಾರಿ. ಇಲ್ಲದಿದ್ದರೆ ನನಗೆ ಊಟ."

ಕೊಕ್ಕರೆ ಸುತ್ತದ ದೇಶವಿರಲಿಲ್ಲ. ಕಡಲು, ಕೋಟೆ, ಹಿಮದ ಬೆಟ್ಟ, ಎಲ್ಲದರ ಚಿತ್ರವೂ ಇತ್ತು. ಆದರೆ ಯಾವುದರಲ್ಲೂ ಒಂದು ನರಪಿಳ್ಳೆಯೂ ಇಲ್ಲ. "ಇಷ್ಟೆಲ್ಲ ನೋಡಿದೆ, ತೆಗೆದು ನೋಡಿದರೆ ಬರೀ ಬೇಜಾರು" ಅಂತ ಗೊಣಗಿತು.

"ಈ ಕಡಲ ದಡದಲ್ಲಿ ನಿನಗೆ ಮೀನು ಹಾಕಿದವರು ಯಾರು?"

"ಒಬ್ಬಳು ಮುದುಕಿ. ಹಲ್ಲಿರಲಿಲ್ಲ, ಬಾಯಿ ಮಾತ್ರ ಜೋರು."

"ಈ ಕೋಟೆ ಹತ್ತಿರ?"

"ರೆಕ್ಕೆ ಮುರಿದಿತ್ತು. ಕಾವಲಿನವನು ತನ್ನ ರುಮಾಲು ಹರಿದು ಕಟ್ಟಿದ." ಹೇಳುತ್ತಾ ಹೇಳುತ್ತಾ ಕೊಕ್ಕರೆಯ ದನಿ ಸಣ್ಣಗಾಯಿತು. ಕೇದಗೆ ಒಂದೊಂದು ಚಿತ್ರದ ಕೆಳಗೂ ಉಪಕಾರ ಮಾಡಿದವರನ್ನು ಬರೆದಳು. ಕೊಕ್ಕರೆ ಓದಿಸಿ ಓದಿಸಿ ಕೇಳಿತು. ಆಮೇಲೆ ತಾನಾಗಿಯೇ ಬೆನ್ನು ಬಗ್ಗಿಸಿ, ಅವಳನ್ನು ಹೊತ್ತು ಬೆಟ್ಟದ ತುದಿಯ ಗವಿಯ ಬಾಗಿಲಿಗೆ ಇಳಿಸಿತು.

ಗವಿಯ ತುಂಬ ಮಿನುಗುಪುರದ ಚಿತ್ರಗಳು ಹಾರಾಡುತ್ತಿದ್ದವು. ನಡುವೆ ಮಸಿಕೇತು ಕೂತಿದ್ದ. "ನನ್ನದೂ ಒಂದು ಪುಟ ಮಾಡು. ಚೆನ್ನಾಗಿದ್ದರೆ ಇವೆಲ್ಲ ನಿನ್ನವು. ಇಲ್ಲದಿದ್ದರೆ ಅಣ್ಣ ನಿನ್ನನ್ನು ಮರೆತ ಹಾಗೆ ನೀನೂ ಅವನನ್ನು ಮರೀತೀಯ" ಅಂದ.

ಕೇದಗೆ ಒಂದೊಂದೇ ಚಿತ್ರ ಹಿಡಿದು ನೋಡಿದಳು. ಎಲ್ಲರೂ ಇದ್ದರು, ಮಸಿಕೇತು ಮಾತ್ರ ಎಲ್ಲೂ ಇಲ್ಲ. "ನಿನ್ನ ಚಿತ್ರ ಎಲ್ಲಿ?" ಅಂದಳು.

"ಇಲ್ಲ!" ಅಂತ ಗುಡುಗಿದ. "ಎಲೆ ಹಿಡಿದವನೇ ನಾನು! ಅರಮನೆಯವರ ತಿರುಗಾಟಕ್ಕೆಲ್ಲ ಹೋದೆ, ಊರವರ ಮನೆಮನೆಗೂ ಹೋದೆ. ಆಗ ನನ್ನ ಹೆಸರು ನಿಂಗೋಜ. ಒಂದು ಸಲ ಏಳು ಕಣಿವೆ ದಾಟಿ ಬಂದಮೇಲೆ ರಾಜ ಔತಣ ಇಟ್ಟ. ಚಿತ್ರ ನೋಡಿ ನೋಡಿ, ಅದರಲ್ಲಿದ್ದವರನ್ನೆಲ್ಲ ಕರೆಸಿ ಊಟದ ಎಲೆ ಹಾಕಿಸಿದ. ಬಾಗಿಲಲ್ಲಿ ಕಾವಲಿನವನು ನನಗೇನಂದ ಗೊತ್ತಾ? 'ನೀನು ಒಂದು ಚಿತ್ರದಲ್ಲೂ ಇಲ್ಲ. ಹೋಗಿದ್ದೇ ಸುಳ್ಳು' ಅಂದ. ಒಬ್ಬರೂ ತಿರುಗಿ ನೋಡಲಿಲ್ಲ. ಹಸಿದ ಹೊಟ್ಟೆಯಲ್ಲೇ ಬೆಟ್ಟ ಹತ್ತಿದೆ. ಮಂತ್ರ ಕಲಿತೆ. ನನ್ನನ್ನು ಮರೆತವರು ಒಬ್ಬರನ್ನೊಬ್ಬರು ಮರೆಯಲಿ!"

 ಇಲ್ಲದ ಚಿತ್ರವನ್ನು ಅಂಟಿಸುವುದು ಹೇಗೆ? ಕೇದಗೆ ಮತ್ತೆ ಚಿತ್ರಗಳನ್ನು ದಿಟ್ಟಿಸಿದಳು. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ರಾಜ ಹೊಟ್ಟೆ ಹಿಡಿದು ನಗುತ್ತಿದ್ದ. ರಾಣಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಯಾರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಎಲೆ ಹಿಡಿದವನ ಕಡೆಗೇ ಇತ್ತು.

"ಇವರನ್ನೆಲ್ಲ ನಗಿಸಿದ್ದು ಯಾರು?"

"ನಾನೇ" ಅಂದ ಮಸಿಕೇತು, ಸ್ವಲ್ಪ ನಾಚಿಕೊಂಡು. "ತಲೆ ಮೇಲೆ ಮಡಕೆ ಇಟ್ಕೊಂಡು ಕೋತಿ ಥರ ಕುಣೀತಿದ್ದೆ."

ಕೇದಗೆ ಸರಸರನೆ ಕತ್ತರಿ ಆಡಿಸಿದಳು. ನಗುವ ಮುಖಗಳನ್ನು ಹಾಳೆಯ ಸುತ್ತ ಅಂಟಿಸಿದಳು. ಎಲ್ಲರ ನೋಟವೂ ನಡುವಿನ ಖಾಲಿ ಜಾಗದಲ್ಲಿ ಬಂದು ಸೇರಿತು. ಕೊನೆಗೆ ಕೈಗೆ ಬಂದದ್ದು ತನ್ನ ಮನೆಯದೇ ಚಿತ್ರ. ಅಪ್ಪ, ಅಮ್ಮ, ಹುಡುಗ ಭರಮಣ್ಣ, ಅಮ್ಮನ ತೊಡೆಯ ಮೇಲೆ ಬೊಚ್ಚುಬಾಯಿಯ ಕೂಸು. 

"ಅಣ್ಣಯ್ಯ" ಅಂದಳು ಮಸಿಕೇತುವಿಗೆ, "ಅಪ್ಪ ಅಮ್ಮನ ಮುಖ ನನಗೆ ನೆನಪಿಲ್ಲ. ನಾನು ಅವರನ್ನು ಕಂಡಿದ್ದು ಈ ಚಿತ್ರದಲ್ಲೇ. ಅವರು ನಗ್ತಿದ್ದರು ಅಂತ ಗೊತ್ತಾಗಿದ್ದೂ ಇದರಿಂದಲೇ. ನೀವು ಎಲೆ ಹಿಡಿಯದಿದ್ದರೆ ನನಗೆ ಅಪ್ಪ ಅಮ್ಮನೇ ಇರ್ತಿರಲಿಲ್ಲ. ಇಷ್ಟು ವರ್ಷ ಯಾರಿಗೆ ಕೈ ಮುಗೀಬೇಕು ಅಂತಲೇ ತಿಳಿದಿರಲಿಲ್ಲ." ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆ ಚಿತ್ರವನ್ನೂ ಅಂಟಿಸಿ, ನಡುವಿನ ಖಾಲಿ ಜಾಗದಲ್ಲಿ ಬರೆದಳು: ನಿಂಗೋಜಣ್ಣ ಇಲ್ಲಿದ್ದಾನೆ.

ಮಸಿಕೇತು ಆ ಪುಟವನ್ನು ಎದೆಗೊತ್ತಿಕೊಂಡು ಎಳೆಯ ಮಗುವಿನ ಹಾಗೆ ಅತ್ತ. ಅತ್ತಂತೆಲ್ಲ ಮೈಮೇಲಿನ ಮಸಿ ತೊಳೆದುಹೋಗಿ ಬರೀ ನಿಂಗೋಜ ಉಳಿದ. ಗವಿಯ ಚಿತ್ರಗಳೆಲ್ಲ ಪಟಪಟನೆ ಊರ ಕಡೆ ಹಾರಿದವು.

ನೆನಪು ಬಂದದ್ದೇ ರಾಜ ರಾಣಿಯ ಕ್ಷಮೆ ಕೇಳಿದ, ಅದಕ್ಕೆ ಅರ್ಧ ದಿನ ಹಿಡಿಯಿತು ಬಿಡಿ. ಆಮೇಲೆ ನಿಂಗೋಜನಿಗೆ ಆದ ಅನ್ಯಾಯವೂ ನೆನಪಾಗಿ, ಬೆಟ್ಟದ ಬುಡಕ್ಕೇ ನಡೆದು ಬಂದು ನಿಂಗೋಜನ ಕೈ ಹಿಡಿದುಕೊಂಡ. "ತಪ್ಪು ನಮ್ಮದಪ್ಪ. ನೀನು ಬಂದು ಕೂರೋ ತನಕ ಇನ್ನು ಯಾರೂ ತುತ್ತು ಎತ್ತೋದಿಲ್ಲ" ಅಂದ. ಅಂದಿನಿಂದ ಮಿನುಗುಪುರದಲ್ಲಿ ಯಾರು ಪುಟ ಮಾಡಿದರೂ ನಡುವೆ ಒಂದಿಷ್ಟು ಜಾಗ ಬಿಟ್ಟು, ಎಲೆ ಹಿಡಿದವರ ಹೆಸರನ್ನು ಮೊದಲು ಬರೆಯುತ್ತಾರೆ.

ಕೇದಗೆ ಯಾವುದಕ್ಕೂ ನಿಲ್ಲದೆ ಹೊಳೆಯ ಕಡೆ ಓಡಿದಳು. ಆಚೆ ದಡದಿಂದ ಭರಮಣ್ಣ ಎದೆಮಟ್ಟದ ನೀರಿನಲ್ಲಿ ನಡೆದೇ ಬರುತ್ತಿದ್ದ. ಅವಸರದಲ್ಲಿ ದೋಣಿಯನ್ನೇ ಮರೆತಿದ್ದ.

"ಲೇ ಕತ್ತೆ! ಹೇಳದೆ ಕೇಳದೆ ಎಲ್ಲಿ ಹಾಳಾಗಿ ಹೋಗಿದ್ಯೇ?" ಅಂತ ಕಿರುಚಿದ.

ಕೇದಗೆ ದಡದಲ್ಲಿ ಕುಸಿದು ಕೂತು ಅಳುತ್ತಾ ನಗುತ್ತಾ ಅಂದಳು: "ಇನ್ನೊಂದು ಸಲ ಬೈಯೋ ಅಣ್ಣ."

ಅವನು ಬೈದ, ಹೊಟ್ಟೆ ತುಂಬ ಬೈದ. ಅವರು ಅಲ್ಲಿ ಹಾಗೇ ಸುಖವಾಗಿದ್ದರು. ನೀವೂ ನಿಮ್ಮವರ ಬಾಯಲ್ಲಿ ಬೈಸಿಕೊಂಡು ನೂರು ವರ್ಷ ಸುಖವಾಗಿರಿ.