ಕಾಗದದ ಕೋಣೆಯಲ್ಲಿ ಹಡಗಿನ ಅಡುಗೆಯವನು

ಸೋಮವಾರ ಬೆಳಗ್ಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಗಂಡ ತೀರ್ಕೊಂಡಿದಾರೆ ಸಾರ್. ಅವರ ಅಣ್ಣ, ನಮ್ಮ ಬಾವನೇ ನನ್ನನ್ನ ಹೋದ ವಾರ ತವರಿಗೆ ಕಳಿಸಿದ್ರು, ತಮ್ಮನನ್ನ ನಾನು ಸರಿ ಮಾಡ್ತೀನಿ ಅಂತ. ಈಗ ಬೇಗ ಸುಟ್ಟುಬಿಡೋಣ ಅಂತಿದಾರೆ. ಮೈತುಂಬ ಗಾಯ ಇದೆ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಮುಖ್ಯಪೇದೆಯನ್ನು ಕರೆದುಕೊಂಡು ಹೊರಟರು. ಸತ್ತವನು ಹಡಗಿನ ಅಡುಗೆಯವನು. ದೇಶದೇಶ ಸುತ್ತಿ ಈಚೆಗಷ್ಟೇ ಮರಳಿದ್ದ. ಅಣ್ಣನದು ಮುದ್ರಣಾಲಯ. ಅದರ ಹಿಂದಿನ ಕಾಗದದ ಕೋಣೆಯಲ್ಲೇ ತಮ್ಮ ಸತ್ತಿದ್ದ.

ಪಂಚನಾಮೆ ನಡೆಯಿತು. ಕಿಟಕಿಯಿಲ್ಲದ ಕೋಣೆ. ಒಂದು ಚಾಪೆ, ಮುಟ್ಟದ ಊಟದ ತಟ್ಟೆ, ಉರುಳಿಬಿದ್ದ ಕಾಗದದ ಕಟ್ಟುಗಳು. ಬಾಗಿಲ ಚಿಲಕ ಹೊರಗಡೆಗಿತ್ತು, ಹೊಚ್ಚ ಹೊಸದು.

"ಇದನ್ನ ಯಾಕೆ ಹಾಕಿಸಿದ್ರಿ?"

"ಕಳ್ಳರ ಕಾಟ," ಎಂದ ಅಣ್ಣ, ತಲೆಯೆತ್ತದೆ.

"ಖಾಲಿ ಕಾಗದ ಕದಿಯೋ ಕಳ್ಳ ಯಾರಪ್ಪಾ!" ಎಂದು ಮುಖ್ಯಪೇದೆ ಗೊಣಗಿದ.

ಅಚ್ಚಿನ ಯಂತ್ರ ನಡೆಸುವ ಮುದುಕ ಕಣ್ಣೊರೆಸಿಕೊಳ್ಳುತ್ತ ಹೇಳಿದ: "ಒಳಗಿಂದ ದಡಬಡ ಸದ್ದು. ಬಾಗಿಲು ತೆಗೀಲಾ ಅಂದೆ. ನಶೆ ಇಳೀಲಿ ಬಿಡು ಅಂದ್ರು ಯಜಮಾನ್ರು."

ಮರುದಿನ ಮರಣೋತ್ತರ ಪರೀಕ್ಷೆ ಮುಗಿಸಿದ ವೈದ್ಯೆ ಕೈತೊಳೆಯುತ್ತ ಮಾತಾಡಿದರು.

"ಈತ ಕುಡಿದಿರಲಿಲ್ಲ. ಯಾರೂ ಹೊಡೆದೂ ಇಲ್ಲ. ಫಿಟ್ಸ್ ಬಂದು ನೆಲಕ್ಕೆ ಬಡ್ಕೊಂಡಿದಾನೆ. ಮಿದುಳ ತುಂಬ ಲಾಡಿಹುಳುವಿನ ಮರಿಗಳ ಗುಳ್ಳೆ."

"ಮಿದುಳಲ್ಲಿ ಹುಳವಾ?"

"ಅದರ ಮೊಟ್ಟೆ ಊಟದಲ್ಲೋ ನೀರಲ್ಲೋ ಹೊಟ್ಟೆಗೆ ಸೇರಿ, ರಕ್ತದ ಜೊತೆ ತಲೆಗೆ ಹೋಗುತ್ತೆ. ಯಾವ ದೇಶದ ಬಂದರಲ್ಲಿ ತಿಂದನೋ! ಆಮೇಲೆ ತಲೆನೋವು, ತೊದಲು, ತೂರಾಟ. ನೋಡೋರಿಗೆ ಕುಡುಕನ ಹಾಗೇ ಕಾಣುತ್ತೆ."

"ಔಷಧಿ ಇದೆಯಾ?"

"ಇದೆ. ಹೊತ್ತಿಗೆ ಸರಿಯಾಗಿ ಕರ್ಕೊಂಡು ಬಂದಿದ್ರೆ ಬಹುಶಃ ಬದುಕ್ತಿದ್ದ."

ಎಷ್ಟೋ ಸಾವಿನ ಸುದ್ದಿ ಮುಟ್ಟಿಸಿದ್ದ ಇನ್‌ಸ್ಪೆಕ್ಟರಿಗೆ ಇದನ್ನು ಆ ಅಣ್ಣನಿಗೆ ಹೇಳುವುದು ಕಷ್ಟವಾಯಿತು. ಕೇಳಿದವನು ಯಂತ್ರಕ್ಕೆ ಒರಗಿ ಕುಸಿದ.

"ಅಪ್ಪ ಕುಡಿದೇ ಸತ್ತ, ಸಾರ್. ಆಗ ಇವನಿನ್ನೂ ಹಾಲುಹಲ್ಲಿನ ಮಗು. ಹೆಗಲ ಮೇಲೆ ಹೊತ್ಕೊಂಡು ಬೆಳೆಸಿದೆ. ಹೋದ ವಾರ ತೂರಾಡ್ತಾ ಬಂದ. ಅಪ್ಪನೇ ಎದ್ದು ಬಂದ ಹಾಗಾಯ್ತು. ಕುಡಿದಿಲ್ಲ ಅಣ್ಣ, ನಿನ್ನಾಣೆ ಅಂದ. ಅಪ್ಪನೂ ಹಾಗೇ ಆಣೆ ಹಾಕ್ತಿದ್ದ."

ಅಕ್ರಮ ಬಂಧನ ಮತ್ತು ಸಾವಿಗೆ ಕಾರಣನಾದ ಆರೋಪದಡಿ ಅವನನ್ನು ಬಂಧಿಸಿ ಠಾಣೆಗೆ ತಂದರು. ಹೇಳಿಕೆಗೆ ಸಹಿ ಹಾಕಲು ಬಂದಿದ್ದ ತಮ್ಮನ ಹೆಂಡತಿ ಎದ್ದು ನಿಂತಳು. ಬೈಯುತ್ತಾಳೆಂದು ಎಲ್ಲರೂ ಅಂದುಕೊಂಡರು.

"ಕೊನೇಲಿ ಅವರು ಏನಾದ್ರೂ ಹೇಳಿದ್ರಾ, ಬಾವ?"

"ತಲೆ ಒಡೀತಿದೆ ಅಣ್ಣ ಅಂದ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಆಚೆಗೇ ಕೂತಿದ್ದೆ, ಕಣಮ್ಮ. ಎದ್ದು ಹೋಗಲಿಲ್ಲ. ಸದ್ದು ನಿಂತಾಗ ನಿದ್ದೆ ಬಂತೇನೋ ಅಂದ್ಕೊಂಡೆ. ಬದುಕಿಕೊಂಡ ಅಂತ ದೇವರಿಗೆ ಕೈಮುಗಿದೆ."