ಸಾಬೂನು ಹಚ್ಚಿದ ಉಣ್ಣೆ

"ಹೋಗು, ಹೋಗು, ವಾಸನಿ ಹೋಗು!" ಎನ್ನುತ್ತ ನೀಲಾ ಬಿಸಿನೀರಿನಲ್ಲಿ ಉಣ್ಣೆಯನ್ನು ಗಸಗಸ ತಿಕ್ಕುತ್ತಿದ್ದಳು.

ಅಪ್ಪ ಮಿಲ್ಲಿಗೆ ಹೋಗಿದ್ದ. ಅವ್ವ ತಮ್ಮನನ್ನು ಎತ್ತಿಕೊಂಡು ವೈದ್ಯರ ಹತ್ತಿರ ಹೋಗಿದ್ದಳು. ಅಜ್ಜ ಬಿದಿರಿನ ತಟ್ಟಿ ತರಲು ಪೇಟೆಗೆ ಹೋಗಿದ್ದ. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತದೆಯೇ?

ಸೊಲ್ಲಾಪುರದ ಅವರ ಮನೆಯ ಮಾಡು ಬರಿಯ ತಗಡು. ಬೇಸಿಗೆಯಲ್ಲಿ ಒಳಗೆ ಕೂತವರು ಹಂಚಿನ ಮೇಲಿನ ರೊಟ್ಟಿಯ ಹಾಗೆ ಬೇಯಬೇಕು. ತಮ್ಮನ ಮೈತುಂಬ ಬೆವರುಗುಳ್ಳೆ ಎದ್ದು, ಕೂಸು ಹಗಲೆಲ್ಲ ಅಳುತ್ತಿತ್ತು. ಅದಕ್ಕೇ ಹಳ್ಳಿಯಲ್ಲಿ ಕುರಿ ಕಾಯುವ ಮರೆಪ್ಪಜ್ಜ ಕುರನೂರಿನಿಂದ ದೊಡ್ಡ ಚೀಲದ ತುಂಬ ಕುರಿಯ ಉಣ್ಣೆ ತಂದಿದ್ದ. ತಗಡಿನ ಕೆಳಗೆ ತಟ್ಟಿ ಕಟ್ಟಿ, ನಡುವೆ ಉಣ್ಣೆ ತುಂಬಿದರೆ ಬಿಸಿಲಿನ ಝಳ ಒಳಗಿಳಿಯುವುದಿಲ್ಲವಂತೆ.

ಆದರೆ ನಿನ್ನೆ ಶಾಲೆಯ ಗೆಳತಿಯೊಬ್ಬಳು ಬಾಗಿಲಲ್ಲೇ ಮೂಗು ಹಿಡಿದಿದ್ದಳು.

"ಅಯ್ಯ ನೀಲಾ! ಮನ್ಯಾಗ ಕುರಿ ಕಟ್ಟೀರೇನ?"

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನಿಸಿತ್ತು ನೀಲಾಳಿಗೆ.

ಅರ್ಧ ಚೀಲ ತೊಳೆದು ಹಿಂಡಿ ನೋಡಿದಳು. ಬುಟ್ಟಿಗಟ್ಟಲೆ ಇದ್ದ ಉಣ್ಣೆ ನಾಲ್ಕು ಗಟ್ಟಿ ಉಂಡೆಯಾಗಿ ಕೂತಿತ್ತು! ಎಳೆದಳು, ಜಗ್ಗಿದಳು, ಬಿಡಿಸಿಕೊಳ್ಳಲೇ ಇಲ್ಲ. ಬಿಸಿನೀರಿನಲ್ಲಿ ತಿಕ್ಕಿದರೆ ಉಣ್ಣೆ ಗಂಟುಗಟ್ಟುತ್ತದೆ ಎಂದು ಕುರಿ ಕಾಯುವ ಹುಡುಗರಿಗೆಲ್ಲ ಗೊತ್ತು. ಮಿಲ್ಲಿನ ಊರಲ್ಲಿ ಹುಟ್ಟಿದ ನೀಲಾಳಿಗೆ ಯಾರು ಹೇಳಬೇಕು? ಹೆದರಿದ ಹುಡುಗಿ ಉಂಡೆಗಳನ್ನು ಕಟ್ಟಿಗೆಯ ಹಿಂದೆ ಬಚ್ಚಿಟ್ಟಳು.

ಮರುದಿನ ಮಿಲ್ಲಿಗೆ ರಜೆ. ಅಪ್ಪ ತಟ್ಟಿ ಕಟ್ಟುತ್ತ, ಉಣ್ಣೆ ತುಂಬುತ್ತ ಬಂದ. ಅರ್ಧ ಮನೆಗೇ ಚೀಲ ಖಾಲಿ.

"ಏನಪಾ ಇದು? ಮನಿ ಅಳತಿ ಹೇಳಿ ಕಳಿಸಿದ್ದೆ. ಇಷ್ಟs ತಂದೀ? ತೊಟ್ಟಿಲ ಮ್ಯಾಲಿನದs ಉಳೀತಲ್ಲ!" ಅಪ್ಪ ಅಜ್ಜನ ಮೇಲೆ ರೇಗಿದ.

ಅಜ್ಜ ನೀಲಾಳ ಕಡೆ ಒಮ್ಮೆ ನೋಡಿದ. ಬೆಳಿಗ್ಗೆ ಒಲೆಗೆ ಕಟ್ಟಿಗೆ ತಂದವನು ಅವನೇ. ಉಂಡೆಗಳನ್ನು ಕಂಡೇ ಇರಬೇಕು!

"ವಯಸ್ಸಾತು, ಕಾಮಣ್ಣ. ನನ್ನ ಅಂದಾಜ ತಪ್ಪ್ಯಾದ," ಎಂದ ಅಜ್ಜ. ಹೆಗಲ ಮೇಲಿನ ಕಂಬಳಿ ತೆಗೆದು ಚಾಚಿದ. "ಇದನ್ನ ಹಾಕು."

"ಅಡವ್ಯಾಗ ನೀ ಏನ ಹೊದ್ಕೋತಿ?"

"ಇರ್ಲಿ ಬಿಡು. ಕೂಸು ಮಲಗಲಿ."

ನೀಲಾಳ ಮೋರೆ ಕೆಂಪಗಾಯಿತು. ಗೆಳತಿ ಮೂಗು ಹಿಡಿದಾಗ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ. ಓಡಿಹೋಗಿ ಉಂಡೆಗಳನ್ನು ತಂದು ಅಪ್ಪನ ಕಾಲ ಹತ್ತಿರ ಇಟ್ಟಳು.

"ಅಪ್ಪಾ... ಅಜ್ಜ ಪೂರಾ ತಂದಿದ್ದ. ವಾಸನಿ ಬರ್ತದಂತ ನಾನs ಸಾಬೂನ ಹಚ್ಚಿ ತೊಳದು ಕೆಡಸೀನಿ."

ಅಪ್ಪ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಅಜ್ಜ ಪೆಟ್ಟಿಗೆಯ ಮೇಲೆ ಹತ್ತಿದ್ದ.

"ಅಳಕೋತ ನಿಂತ್ರ ಹ್ಯಾಂಗವ್ವ? ಆ ಕಡೀ ತುದಿ ಹಿಡಿ, ಬಾ."

ನೀಲಾ ಮಣೆಯ ಮೇಲೆ ನಿಂತು ಕಂಬಳಿಯ ತುದಿ ಎತ್ತಿ ಹಿಡಿದಳು. ಅದು ಕೆನ್ನೆಗೆ ಚುಚ್ಚಿತು. ಕುರಿಯ ವಾಸನೆ ಮೂಗಿಗೆ ಬಡಿಯಿತು. ಕೈ ಸೋತವು. ಅಜ್ಜ ಕೊನೆಯ ಗಂಟು ಹಾಕುವವರೆಗೂ ಆಕೆ ತುದಿ ಬಿಡಲಿಲ್ಲ.