ಪರದೆ ಎಳೆಯುವವನ ಊಟ

ಶುಕ್ರವಾರ ಮಧ್ಯಾಹ್ನ ಗೋಣಿತಟ್ಟಿನ ಮರೆಯನ್ನು ಮೊದಲು ಸರಿಸಿ ನೋಡಿದವನು ನೆಲಗಡಲೆ ಮಾರುವವನು. ಒಳಗೆ ಕಜೆಟನ್ ಕಂಬಕ್ಕೆ ಒರಗಿ ಕೂತಿದ್ದ. ತಲೆ ಎದೆಯ ಮೇಲೆ ಬಾಗಿತ್ತು. ಮುಂದೆ ಬಾಳೆಲೆ. ಎಲೆಯಲ್ಲಿ ಅನ್ನ, ಕೋಳಿ ಸುಕ್ಕ, ಮೂಲೆಯಲ್ಲಿ ಚಿಟಿಕೆ ಉಪ್ಪು. ಬಾಯಲ್ಲೂ ಅನ್ನ. ಕಡಲೆಯವನು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಭುಜ ಅಲುಗಿಸಿ ನೋಡಿ ಬೊಬ್ಬೆ ಹಾಕಿದ.

ಸಬ್ ಇನ್‌ಸ್ಪೆಕ್ಟರ್ ಹೃಷೀಕೇಶ ಫಳ್ನೀರಿನ ಆ ನಾಟಕ ಮಂದಿರಕ್ಕೆ ಬಂದಾಗ ಗೇಟಿನ ಮುಂದೆ ಜಾತ್ರೆ ನೆರೆದಿತ್ತು. ಸತ್ತವನ ಬಗ್ಗೆ ಅಯ್ಯೋ ಎಂದವರು ಒಬ್ಬಿಬ್ಬರು. ಉಳಿದವರಿಗೆಲ್ಲ ಒಂದೇ ಸುದ್ದಿ. ಉಪವಾಸ ಕೂತವನು ಕದ್ದು ಕೋಳಿ ತಿಂದ. ತಿಂದದ್ದು ಗಂಟಲಲ್ಲಿ ಸಿಕ್ಕಿ ಸತ್ತ.

ಹೃಷೀಕೇಶ ಎಲೆಯನ್ನು ನೋಡಿದ, ಹೆಣವನ್ನು ನೋಡಿದ. ಅವನಿಗೂ ಹಾಗೆಯೇ ಅನ್ನಿಸಿತು. ಹೆಣವನ್ನು ಆಸ್ಪತ್ರೆಗೆ ಸಾಗಿಸಲು ಹೇಳಿ ಜೀಪು ಹತ್ತಿದ.

*

ಅದು ಸಾವಿರದ ಒಂಬೈನೂರ ಐವತ್ತೊಂಬತ್ತನೇ ಇಸವಿ. ಪಡುಗಡಲು ನಾಟಕ ಕಂಪನಿಯ ಪರದೆ ಎಳೆಯುವವರು, ಸೀನು ಕಟ್ಟುವವರು, ದೀಪದವರು ಎಲ್ಲ ಸೇರಿ ಮುಷ್ಕರ ಹೂಡಿದ್ದರು. ವಾರಕ್ಕೊಂದು ರಜೆ ಬೇಕು, ಅಟ್ಟದಿಂದ ಬಿದ್ದು ಕೈಕಾಲು ಮುರಿದವರಿಗೆ ಮದ್ದಿನ ಖರ್ಚು ಬೇಕು, ಇಷ್ಟೇ ಬೇಡಿಕೆ. ಕಂಪನಿಯ ಧಣಿ ಅಹ್ಮದ್ ಬಾವ ಒಪ್ಪಲಿಲ್ಲ. ಪರದೆ ಏಳಲಿಲ್ಲ. ಆಗ ಪರದೆ ಎಳೆಯುವ ಕಜೆಟನ್ ಗೇಟಿನ ಪಕ್ಕ ಗೋಣಿತಟ್ಟು ಕಟ್ಟಿಕೊಂಡು ಉಪವಾಸ ಕೂತ.

ನಾಟಕವಿಲ್ಲದ ಊರಿಗೆ ಅವನೇ ನಾಟಕವಾದ. ಬಜಪೆಯಿಂದ ಬಸ್ಸು ಹತ್ತಿ ಬಂದು ನೋಡಿ ಹೋದವರಿದ್ದರು. ಕಾಲೇಜು ಹುಡುಗರು ಅವನೆದುರೇ ಸಾಲಾಗಿ ನಿಂತು ಗೋಳಿಬಜೆ ತಿಂದು ಕೈ ನೆಕ್ಕಿಕೊಂಡರು. ಹಗ್ಗ ಎಳೆಯುವವನಿಗೆ ಇಷ್ಟು ಕೊಬ್ಬೇ ಎಂದು ದೊಡ್ಡವರು ಮೂಗು ಮುರಿದರು. ಎಂದು ಬಿದ್ದಾನು ಎಂಬುದರ ಮೇಲೆ ಕೋಳಿ ಅಂಕದಲ್ಲಿ ಹುಂಜದ ಮೇಲೆ ಕಟ್ಟುವ ಹಾಗೆ ಬಾಜಿ ಕಟ್ಟಿದವರೂ ಇದ್ದರು. ಮನುಷ್ಯ ಹಸಿದಿರುವುದನ್ನು ನೋಡುವುದರಲ್ಲಿ ಮನುಷ್ಯನಿಗೆ ಎಂಥ ಸುಖವಿದೆಯೋ, ದೇವರೇ ಬಲ್ಲ.

ಅವನ ಹತ್ತಿರ ಕೂತು ಮಾತಾಡಿದ ದೊಡ್ಡ ಮನುಷ್ಯರೆಂದರೆ ಚಕ್ರಪಾಣಿ ಮಾಸ್ಟ್ರು ಒಬ್ಬರೇ. ದೇವಸ್ಥಾನದ ಅರ್ಚಕರ ಮನೆತನ, ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ದಿನವೂ ಹಿತ್ತಾಳೆ ಚೊಂಬಿನಲ್ಲಿ ನೀರು, ಜೊತೆಗೆ ನಿಂಬೆಹಣ್ಣು, ಉಪ್ಪಿನ ಪೊಟ್ಟಣ ತಂದು ತಾವೇ ಹಿಂಡಿ, ಬೆರೆಸಿ ಕುಡಿಸುತ್ತಿದ್ದರು. ಆ ಶುಕ್ರವಾರ ಸಂಜೆಯೂ ಅವರು ಜನರ ಮುಂದೆ ಕಣ್ಣೊರೆಸಿಕೊಂಡರು. ಪಾಪ, ಹಸಿವು ಯಾರನ್ನು ಬಿಟ್ಟೀತು, ಅವನನ್ನು ಯಾರೂ ಬೈಯಬೇಡಿ ಎಂದು ಕೈಮುಗಿದರು. ಬೈದವರ ಬೈಗುಳಕ್ಕಿಂತ ಆ ಕರುಣೆಯ ಮಾತೇ ಊರಿಡೀ ಹಬ್ಬಿತು. ಮಾಸ್ಟ್ರೇ ಹೇಳಿದ ಮೇಲೆ ಇನ್ನೇನು ಅನುಮಾನ?

ಮಾರನೆಯ ದಿನ ಗೇಟಿನೆದುರಿನ ಹಾಶಿಮನ ಹೋಟೆಲಿಗೆ ಬಂದವರು ಕೋಳಿ ಸುಕ್ಕಕ್ಕೆ ಹೊಸ ಹೆಸರಿಟ್ಟಿದ್ದರು. ಒಂದು ಸತ್ಯಾಗ್ರಹ ಪಾರ್ಸೆಲ್ ಎಂದು ಕೂಗುವುದು, ಮೇಜು ಬಡಿದು ನಗುವುದು. ಯಾರೋ ಕಜೆಟನನ ಮನೆಯಂಗಳಕ್ಕೆ ಕೋಳಿ ಮೂಳೆ ಎಸೆದರು. ಮುಷ್ಕರದವರ ಡಬ್ಬಿಗೆ ಕಾಸು ಹಾಕಿದ್ದವರು ವಾಪಸು ಕೇಳಿದರು. ಹಳೆಯವರು ಬರದಿದ್ದರೆ ಸೋಮವಾರ ಹೊಸ ಆಳುಗಳು ಬರುತ್ತಾರೆ ಎಂದು ಅಹ್ಮದ್ ಬಾವ ಗೇಟಿಗೆ ಬೋರ್ಡು ತೂಗುಹಾಕಿದ.

*

ಡಾಕ್ಟರ್ ಚಾರ್ಲ್ಸ್ ಶನಿವಾರ ಹೃಷೀಕೇಶನನ್ನು ಆಸ್ಪತ್ರೆಗೆ ಕರೆಸಿದರು. ಬಾಗಿಲು ಹಾಕಿಕೊಂಡು ಹೇಳಿದರು.

“ಹೊಟ್ಟೆಯಲ್ಲಿ ನಿಂಬೆನೀರು ಬಿಟ್ಟರೆ ಎಂತದೂ ಇಲ್ಲ. ಅನ್ನ ಇರುವುದು ಬಾಯಲ್ಲಿ, ಉಸಿರಿನ ಕೊಳವೆಯಲ್ಲಿ. ಎಚ್ಚರ ಇದ್ದವನು ಕೆಮ್ಮಿ ಉಗೀತಾನೆ, ಕೈಕಾಲು ಬಡೀತಾನೆ. ಇವನು ಅಲ್ಲಾಡಿದ ಹಾಗೆ ಕಾಣೂದಿಲ್ಲ.”

“ನಿದ್ದೆ ಮದ್ದಾ?”

“ಹಾಗೇ ಕಾಣ್ತದೆ. ಪರೀಕ್ಷೆಗೆ ಕಳಿಸಿದ್ದೇನೆ, ಬರುವಾಗ ತಡ ಆಗ್ತದೆ. ಇನ್ನೊಂದು ಉಂಟು. ತುಟಿಯ ಒಳಗೆ ಹಲ್ಲು ಒತ್ತಿದ ಗಾಯ. ಯಾರೋ ಬಾಯಿ ಮುಚ್ಚಿ ಹಿಡಿದಿದ್ದಾರೆ.”

ಹೃಷೀಕೇಶ ಎದ್ದು ನಿಂತ. ಹಾಗಾದರೆ ಕಜೆಟನ್ ತಿಂದಿಲ್ಲ. ತಿಂದ ಹಾಗೆ ತೋರಿಸಿದ್ದಾರೆ. ಒಬ್ಬ ಮನುಷ್ಯನ ಜೀವದ ಜೊತೆ ಅವನ ಮಾನವನ್ನೂ ತೆಗೆದಿದ್ದಾರೆ. ಊರು ಚಪ್ಪಾಳೆ ತಟ್ಟುತ್ತಿದೆ. ಸೋಮವಾರದೊಳಗೆ ಕೊಂದವನು ಸಿಗದಿದ್ದರೆ ಮುಷ್ಕರವೂ ಮಣ್ಣುಪಾಲು.

ಅವನು ಕಜೆಟನನ ಮನೆಗೆ ಹೋದ. ಹೆಂಡತಿ ಒಲಿಂಡಾ ಶಿಲುಬೆಯ ಕೆಳಗೆ ಮೊಣಕಾಲೂರಿ ಜಪಸರ ಎಣಿಸುತ್ತಿದ್ದಳು. ಗಂಡನಿಗೆ ಯಾರ ಮೇಲಾದರೂ ದ್ವೇಷವಿತ್ತೇ, ಯಾರಾದರೂ ಊಟ ತಂದುಕೊಡುವ ಮಾತಾಡಿದ್ದರೇ ಎಂದು ಕೇಳಿದರೆ ತಲೆಯೆತ್ತಲಿಲ್ಲ. ಪಾಪ, ಗಂಡ ಮಾಡಿದ್ದಕ್ಕೆ ನಾಚಿಕೆ ಎಂದುಕೊಂಡು ಅವನು ಹೊರಗೆ ಬಂದ. ಡಾಕ್ಟರ ಮಾತನ್ನು ಆಗಲೇ ಹೊರಬಿಡುವ ಹಾಗಿರಲಿಲ್ಲ.

*

ಮೊದಲ ಅನುಮಾನ ಅಹ್ಮದ್ ಬಾವನ ಮೇಲೆ. ಮುಷ್ಕರ ಮುರಿದರೆ ಲಾಭ ಅವನಿಗೆ. ಎರಡನೆಯದು ಹಾಶಿಮನ ಮೇಲೆ. ನಾಟಕ ನಿಂತು ಅವನ ಹೋಟೆಲಿನ ಸಂಜೆಯ ವ್ಯಾಪಾರ ಕುಸಿದಿತ್ತು, ಕೋಳಿಯೂ ಅವನಲ್ಲಿಯದೇ. ಆದರೆ ಶುಕ್ರವಾರ ಮಧ್ಯಾಹ್ನ ಹೋಟೆಲಿಗೆ ಬಾಗಿಲು ಹಾಕಿತ್ತು. ಧಣಿ, ಹೋಟೆಲಿನವನು ಇಬ್ಬರೂ ಜುಮ್ಮಾ ನಮಾಜಿನ ಸಾಲಿನಲ್ಲಿದ್ದರು. ಇಡೀ ಮಸೀದಿಯೇ ಸಾಕ್ಷಿ.

ಪಾರ್ಸೆಲು ಯಾರು ಒಯ್ದರು ಎಂದರೆ ಹಾಶಿಂ ಕೈಚೆಲ್ಲಿದ. ನಮಾಜಿಗೆ ಮೊದಲು ನೂಕುನುಗ್ಗಲು. ಕಂಪನಿಯ ನಟರಿಗೆ ದಿನವೂ ನಾಟಕ ಮಂದಿರದ ಕಾವಲುಗಾರನೇ ಕಟ್ಟಿಸಿಕೊಂಡು ಹೋಗುತ್ತಾನೆ. ಕಾವಲುಗಾರನನ್ನು ಕೇಳಿದರೆ ನನಗೆ ಗೊತ್ತಿಲ್ಲ ಸ್ವಾಮಿ ಎಂದು ನೆಲ ನೋಡಿದ.

ಮೂರನೆಯವನು ಮುಷ್ಕರದ ಮುಖಂಡ, ದೀಪದ ಆಂಬ್ರೋಸ್. ಉಪವಾಸ ಬೇಡವೆಂದು ಅವನು ಕಜೆಟನನ ಜೊತೆ ಜಗಳವಾಡಿದ್ದನ್ನು ಹತ್ತಾರು ಜನ ಕಂಡಿದ್ದರು. ಆ ಮಧ್ಯಾಹ್ನ ಸಂಗಡಿಗರನ್ನು ಕಟ್ಟಿಕೊಂಡು ಮನವಿ ಕೊಡಲು ಹೋದವನು ನಡುವೆ ಎಲ್ಲಿಗೋ ತಪ್ಪಿಸಿಕೊಂಡಿದ್ದ. ಕೇಳಿದರೆ ಪ್ರಾರ್ಥನೆಗೆಂದು ಇಗರ್ಜಿಗೆ ಹೋಗಿದ್ದೆ ಎಂದ. ನೋಡಿದವರಿಲ್ಲ. ಹೃಷೀಕೇಶ ಅವನನ್ನು ಠಾಣೆಯಲ್ಲಿ ಕೂರಿಸಿಕೊಂಡ. ಸುದ್ದಿ ಹೊರಬಿದ್ದದ್ದೇ ತಡ, ಠಾಣೆಯ ಮುಂದೆ ಕಲ್ಲು ಹಿಡಿದುಕೊಂಡ ಹುಡುಗರು ಸೇರಿದರು. ಕಲ್ಲು ಆಂಬ್ರೋಸನಿಗೋ ಪೊಲೀಸರಿಗೋ ಎಂದು ಅವರಿಗೇ ಗೊತ್ತಿರಲಿಲ್ಲ.

ಆಂಬ್ರೋಸ್ ಹೆದರಲಿಲ್ಲ. ಬೆಂಚಿನ ಮೇಲೆ ಕೂತು ಮೆಲ್ಲಗೆ ಹೇಳಿದ.

“ಸಾರ್, ಜಗಳ ಮಾಡಿದ್ದು ಹೌದು. ಸಾಯ್ತೀಯಾ ಮಾರಾಯ ಅಂತ ಬೈದಿದ್ದೆ. ಆದರೆ ಅವನ ಬಾಯಿಗೆ ನಾನು ಕೋಳಿ ಇಡ್ತೇನಾ? ಅದೂ ಶುಕ್ರವಾರ?”

ಹೃಷೀಕೇಶ ಪೆನ್ನು ಕೆಳಗಿಟ್ಟ. ಅವನು ಓದಿದ್ದು ಪಾದ್ರಿಗಳ ಶಾಲೆಯಲ್ಲಿ. ಶುಕ್ರವಾರ ಬಂದರೆ ಮತದ ಕಟ್ಟಳೆಯಂತೆ ಕ್ರೈಸ್ತ ಹುಡುಗರ ಬುತ್ತಿಯಲ್ಲಿ ಮಾಂಸವಿರುತ್ತಿರಲಿಲ್ಲ, ಮೀನು ಇರುತ್ತಿತ್ತು. ಆ ವಾಸನೆಗೆ ಅವನು ಜಾಗ ಬದಲಾಯಿಸಿ ಕೂರುತ್ತಿದ್ದ. ಇಷ್ಟು ಗೊತ್ತಿದ್ದೂ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ. ಆಂಬ್ರೋಸನಿಗೆ ಗೆಳೆಯನ ಹೆಸರು ಕೆಡಿಸಬೇಕಿದ್ದರೆ ಮೀನಿನ ಊಟ ಇಡುತ್ತಿದ್ದ. ಶುಕ್ರವಾರ ಕೋಳಿ ಇಟ್ಟವನು ಆ ಮತದವನಲ್ಲ, ಆ ನಿಯಮ ಅವನ ತಲೆಗೇ ಬಂದಿಲ್ಲ.

ಹಾಗಾದರೆ ಯಾರು?

*

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಹೆಂಡತಿ ಗಿರಿಜಾ ಊಟಕ್ಕೆ ಎಲೆ ಹಾಕಿದಳು. ಹೃಷೀಕೇಶ ನೀರು ಚಿಮುಕಿಸಿ ಒರೆಸಿದ. ಗಿರಿಜಾ ಮೊದಲು ಎಲೆಯ ಎಡತುದಿಗೆ ಚಿಟಿಕೆ ಉಪ್ಪು ಬಡಿಸಿದಳು. ಪಲ್ಯ ಬಡಿಸಲು ಬಗ್ಗಿದವಳನ್ನು ಅವನು ಕೈ ಅಡ್ಡ ಹಿಡಿದು ತಡೆದ. ಎಲೆಯನ್ನೇ ನೋಡುತ್ತ ಕೂತ.

ಕುಡಿಬಾಳೆಯ ಎಲೆ. ತುದಿ ಎಡಕ್ಕೆ. ಎಡಮೂಲೆಯಲ್ಲಿ ಉಪ್ಪು.

ಕಜೆಟನನ ಮುಂದಿದ್ದ ಎಲೆಯೂ ಹೀಗೆಯೇ ಇತ್ತು. ಹುಟ್ಟಿದಾಗಿನಿಂದ ಇಂಥ ಎಲೆಯ ಮುಂದೆಯೇ ಉಂಡವನಿಗೆ ಅದರಲ್ಲಿ ವಿಶೇಷ ಕಂಡಿರಲಿಲ್ಲ. ಆದರೆ ಹಾಶಿಮನ ಹೋಟೆಲಿನಲ್ಲಿ ಪಾರ್ಸೆಲು ಕಟ್ಟುವುದು ಎಲೆಯ ನಡುತುಂಡಿನಲ್ಲಿ, ಹೊರಗೆ ಪೇಪರು. ಕುಡಿ ಎಲೆ ಬೇರೆ ಕಡೆಯಿಂದ ಬಂದದ್ದು. ಕೋಳಿಯ ಜೊತೆ ಯಾವ ಹೋಟೆಲಿನವನೂ ಉಪ್ಪು ಬೇರೆ ಕೊಡುವುದಿಲ್ಲ. ಹಸಿದು ಕಂಗಾಲಾದವನು ಪೇಪರು ಹರಿದು ಬಾಯಿಗೆ ಹಾಕಿಕೊಳ್ಳುತ್ತಾನೆ, ಎಲೆಯ ತುದಿ ಎಡಕ್ಕೋ ಬಲಕ್ಕೋ ಎಂದು ನೋಡುತ್ತಾನೆಯೇ?

ಆ ಗೋಣಿತಟ್ಟಿನೊಳಗೆ ಉಪ್ಪು ತರುತ್ತಿದ್ದವರು ಒಬ್ಬರೇ. ಹೃಷೀಕೇಶ ಉಣ್ಣದೆ ಎದ್ದ.

*

ಸೋಮವಾರ ಬೆಳಿಗ್ಗೆ ನಾಲ್ವರನ್ನೂ ನಾಟಕ ಮಂದಿರದ ರಂಗದ ಮೇಲೆ ಕರೆಸಿದ. ಅಹ್ಮದ್ ಬಾವ, ಹಾಶಿಂ, ಆಂಬ್ರೋಸ್, ಚಕ್ರಪಾಣಿ ಮಾಸ್ಟ್ರು. ಅದೂ ಇದೂ ಕೇಳುತ್ತ ಊಟದ ಹೊತ್ತು ದಾಟಿಸಿದ. ಧಣಿ ಕಿರಿಕಿರಿ ಮಾಡತೊಡಗಿದ ಮೇಲೆ, ಊಟ ತರಿಸಿದ್ದೇನೆ, ಉಂಡು ಮಾತಾಡುವ ಎಂದ. ಪೇದೆ ನಾಲ್ಕು ಕುಡಿ ಎಲೆ, ಅನ್ನ, ಸಾಂಬಾರು, ಪಲ್ಯ, ಒಂದು ಬಟ್ಟಲು ಉಪ್ಪು ತಂದಿಟ್ಟ.

ಅಹ್ಮದ್ ಬಾವ ತನಗೆ ತಟ್ಟೆ ಬೇಕೆಂದ. ಹಾಶಿಂ ಎಲೆಯನ್ನು ಸಿಕ್ಕಿದ ಹಾಗೆ ಹಾಸಿದ. ಆಂಬ್ರೋಸ್ ತುದಿಯನ್ನು ಬಲಕ್ಕೆ ಮಾಡಿಕೊಂಡು ಅನ್ನಕ್ಕೆ ಕೈಹಾಕಿದ. ಮಾಸ್ಟ್ರಿಗೆ ತಡೆಯಲಾಗಲಿಲ್ಲ. ಮಕ್ಕಳ ಕಾಗುಣಿತ ತಿದ್ದಿ ತಿದ್ದಿ ಅಭ್ಯಾಸವಾದ ಕೈ.

“ಹಾಗಲ್ಲ ಆಂಬ್ರೋಸ್, ತುದಿ ಎಡಕ್ಕೆ ಬರ್ಬೇಕು” ಎಂದು ಬಗ್ಗಿ ಎಲೆ ತಿರುಗಿಸಿದರು. ಬಟ್ಟಲಿನಿಂದ ಚಿಟಿಕೆ ಉಪ್ಪು ತೆಗೆದು ಎಡಮೂಲೆಯಲ್ಲಿ ಇಟ್ಟರು.

“ಕಜೆಟನನಿಗೂ ಹೀಗೇ ಬಡಿಸಿದ್ದಾ, ಮಾಸ್ಟ್ರೇ?” ಎಂದ ಹೃಷೀಕೇಶ.

ಚಕ್ರಪಾಣಿಯ ಕೈ ಎಲೆಯ ಮೇಲೆಯೇ ನಿಂತಿತು. ಎಂತ ಹೇಳ್ತೀರಿ, ಎಲೆ ಹಾಕಿದವರೆಲ್ಲ ಕೊಲೆಗಾರರಾ ಎಂದು ಅವರು ನಗಲು ನೋಡಿದರು. ಹೃಷೀಕೇಶ ಒಂದೊಂದಾಗಿ ಬಿಡಿಸಿ ಹೇಳಿದ. ಕುಡಿ ಎಲೆ ಹೋಟೆಲಿನದಲ್ಲ. ಉಪ್ಪು ನಿಂಬೆನೀರಿಗೆ ತಂದದ್ದು. ಶುಕ್ರವಾರ ಮಾಂಸ ಮುಟ್ಟದವನ ಬಾಯಿಗೆ ಕೋಳಿಯ ಅನ್ನ ತುರುಕಿದವರು ಕ್ರೈಸ್ತರಲ್ಲ. ಉಳಿದಿಬ್ಬರು ಮಸೀದಿಯಲ್ಲಿದ್ದರು. ಮಾಸ್ಟ್ರು ಮಾತ್ರ ಊಟದ ಬಿಡುವಿನಲ್ಲಿ ಶಾಲೆ ಬಿಟ್ಟು ಹೊರಬಿದ್ದಿದ್ದರು. ಬೆಳಿಗ್ಗೆ ಅವರ ಹೆಂಡತಿ ನೀರಜಾಕ್ಷಿಯವರನ್ನು ಕೇಳಿದ್ದಾಯಿತು. ಅವರು ನಿದ್ದೆಗೆ ತೆಗೆದುಕೊಳ್ಳುವ ಮಾತ್ರೆಯ ಸೀಸೆ ಅರ್ಧ ಖಾಲಿ, ಹೇಗೆಂದು ಅವರಿಗೇ ಗೊತ್ತಿಲ್ಲ.

ಬಾಗಿಲ ಬಳಿ ನಿಂತಿದ್ದ ಕಾವಲುಗಾರ ಆಗ ಬಾಯಿ ಬಿಟ್ಟ. ಮಾಂಸ ತಿನ್ನುವ ಸ್ನೇಹಿತರೊಬ್ಬರು ಬಂದಿದ್ದಾರೆ, ನಾನು ಆ ಹೋಟೆಲು ಹತ್ತುವ ಹಾಗಿಲ್ಲ ಎಂದು ಮಾಸ್ಟ್ರೇ ತನ್ನಿಂದ ಕೋಳಿ ಊಟ ತರಿಸಿದ್ದರು. ಮಾಸ್ಟ್ರ ಮೇಲೆ ಹೇಳಿದರೆ ಯಾರು ನಂಬುತ್ತಾರೆ ಎಂದು ಇಷ್ಟು ದಿನ ಸುಮ್ಮನಿದ್ದ.

ಚಕ್ರಪಾಣಿ ಎಲೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ತಡೆಯಿಲ್ಲದೆ ಹೇಳಿದರು. ಜೀವಮಾನದಲ್ಲಿ ಬರೆದದ್ದು ಒಂದೇ ನಾಟಕ. ಎಷ್ಟೋ ವರ್ಷ ಕಂಪನಿಗಳ ಬಾಗಿಲು ಕಾದ ಮೇಲೆ ಪಡುಗಡಲು ಕಂಪನಿ ಒಪ್ಪಿತ್ತು. ಆಮಂತ್ರಣ ಹಂಚಿಯಾಗಿತ್ತು. ಅಷ್ಟರಲ್ಲಿ ಮುಷ್ಕರ. ಇನ್ನು ಎರಡು ದಿನ ಹೀಗಾದರೆ ಬಿಡಾರ ಕಿತ್ತು ಬೇರೆ ಊರಿಗೆ ಹೋಗುತ್ತೇನೆ ಎಂದು ಧಣಿ ಹೇಳಿದ್ದ. ಕಜೆಟನ್ ಕದ್ದು ತಿಂದನೆಂದು ಜನ ನಕ್ಕರೆ ಸಾಕಿತ್ತು, ಮುಷ್ಕರ ತಾನಾಗಿ ಬೀಳುತ್ತಿತ್ತು.

“ಕೊಲ್ಲುವ ಮನಸ್ಸು ಇರ್ಲಿಲ್ಲ. ನಿಂಬೆನೀರಿಗೆ ಮಾತ್ರೆ ಹಾಕಿ ಕುಡಿಸಿದೆ. ನಿದ್ದೆಯಲ್ಲಿದ್ದವನ ಬಾಯಿಗೆ ಒಂದು ತುತ್ತು ಇಟ್ಟೆ. ಅವನು ಕೆಮ್ಮಿದ. ಕೆಮ್ಮು ಕೇಳಿ ಜನ ಬರ್ತಾರೆ ಅಂತ ಬಾಯಿ ಮುಚ್ಚಿ ಹಿಡಿದೆ.”

“ಎಷ್ಟು ಹೊತ್ತು?”

“ಕೆಮ್ಮು ನಿಲ್ಲುವವರೆಗೆ.”

ಆಂಬ್ರೋಸ್ ಎದ್ದು ಬಂದು ಅವರ ಕೊರಳಪಟ್ಟಿ ಹಿಡಿದ. ಪೇದೆಗಳು ಬಿಡಿಸಿದರು.

*

ಸಂಜೆಯೊಳಗೆ ಊರು ಮಗ್ಗುಲು ಬದಲಾಯಿಸಿತು. ಸತ್ಯಾಗ್ರಹ ಪಾರ್ಸೆಲ್ ಎಂದು ಕೂಗಿದವರೇ ಗೇಟಿನಲ್ಲಿ ಕಜೆಟನನ ಫೋಟೋ ಇಟ್ಟು ಹಾರ ಹಾಕಿದರು. ಅದೇ ಹುಡುಗರು ಅದೇ ಕಲ್ಲುಗಳನ್ನು ಹಿಡಿದುಕೊಂಡು ಹೋಗಿ ಮಾಸ್ಟ್ರ ಮನೆಯ ಹಂಚು ಪುಡಿಮಾಡಿದರು. ನೀರಜಾಕ್ಷಿಯ ಮೇಲೆ ಸೆಗಣಿ ಎರಚಿದರು. ಆಕೆ ಮಾಡಿದ ತಪ್ಪೇನು ಎಂದು ಯಾರೂ ಕೇಳಲಿಲ್ಲ. ಅಹ್ಮದ್ ಬಾವ ಜನರ ಕೋಪಕ್ಕೆ ಹೆದರಿ ಮುಷ್ಕರದವರ ಬೇಡಿಕೆಗೆಲ್ಲ ರುಜು ಹಾಕಿದ. ಮತ್ತೆ ನಾಟಕ ಶುರುವಾಗುವ ದಿನ ಯಾವುದೆಂದು ಅಂದೇ ವಿಚಾರಿಸಿಕೊಂಡು ಹೋದವರೂ ಇದ್ದರು.

ಹೃಷೀಕೇಶನಿಗೆ ಒಂದೇ ಆತುರ. ನಾಚಿಕೆಯಿಂದ ತಲೆ ಬಗ್ಗಿಸಿ ಕೂತ ಆ ಹೆಂಗಸು ತಲೆಯೆತ್ತಬೇಕು. ಕತ್ತಲಾಗುವ ಮೊದಲೇ ಅವಳ ಮನೆಯ ಮೆಟ್ಟಿಲು ಹತ್ತಿದ.

“ಒಲಿಂಡಾ ಬಾಯಿ, ನಿಮ್ಮ ಗಂಡ ಮೋಸ ಮಾಡ್ಲಿಲ್ಲ. ಒಂದು ಅಗುಳು ಕೂಡ ಹೊಟ್ಟೆಗೆ ಹೋಗಿರ್ಲಿಲ್ಲ. ಡಾಕ್ಟ್ರು ಬರೆದು ಕೊಟ್ಟಿದ್ದಾರೆ. ಇನ್ನು ಯಾರೂ ನಿಮ್ಮನ್ನು ನೋಡಿ ನಗುವ ಹಾಗಿಲ್ಲ.”

ಒಲಿಂಡಾ ಮೊದಲ ಬಾರಿ ಅವನ ಮುಖ ನೋಡಿದಳು.

“ಒಂದೂ ಇಲ್ವಾ?”

“ಒಂದೂ ಇಲ್ಲ.”

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

“ಶುಕ್ರವಾರ ಕೋಳಿ ತಿಂದ ಪಾಪ ಕ್ಷಮಿಸು ಅಂತ ಮೂರು ದಿನದಿಂದ ಪ್ರಾರ್ಥನೆ ಮಾಡ್ತಾ ಇದ್ದೇನೆ, ಸಾರ್. ಊರಿನವರು ನಗಾಡಿದ್ರೆ ನಗಾಡ್ಲಿ, ಹೊಟ್ಟೆಗೆ ತಿಂದು ಹೋದನಲ್ಲ ಅಂತ ಸಮಾಧಾನ ಇತ್ತು. ಈಗ ಅದೂ ಇಲ್ಲ ಅಂತ ಹೇಳ್ಲಿಕ್ಕೆ ಬಂದ್ರಾ?”

  ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.